ಮೊದಲ ಸಾಲಿನ ಸಹಿ

ತಕರಾರು ಅರ್ಜಿಯ ಮೇಲೆ ಮೂವತ್ತೊಂಬತ್ತು ಸಹಿಗಳಿದ್ದವು, ಎಲ್ಲವೂ ಎರಡನೆಯ ಸಾಲಿನಿಂದ ಕೆಳಕ್ಕೆ. ಮುಂದೆ ನಿಲ್ಲುವುದು ಯಾರಿಗೂ ಬೇಡ, ಹಿಂದಿನಿಂದ ತಳ್ಳುವುದಕ್ಕೆ ಮಾತ್ರ ಬೀದಿಗೆ ಬೀದಿಯೇ ತಯಾರು. ಹೀಗಾಗಿ ಬೆಳಿಗ್ಗೆ ನಿವೃತ್ತ ಮೇಷ್ಟ್ರು ಇಸ್ತ್ರಿ ಅಂಗಡಿಗೆ ಬಂದಾಗ ಖಾಲಿ ಉಳಿದಿದ್ದದ್ದು ಮೇಲಿನ ಒಂದೇ ಸಾಲು.

ಮೂಲೆಯ ಜಾಗದಲ್ಲಿ ಬೇಕರಿಯವನ ಮತದವರು ಪ್ರಾರ್ಥನಾ ಮಂದಿರ ಕಟ್ಟುತ್ತಾರಂತೆ, ಗದ್ದಲವಾಗುತ್ತದಂತೆ, ಬೀದಿಯ ಶಾಂತಿ ಹಾಳಾಗುತ್ತದಂತೆ ಎಂದು ಮೇಷ್ಟ್ರು ಕಿವಿ ತೂತಾಗುವಷ್ಟು ಗಟ್ಟಿಯಾಗಿ ವಿವರಿಸಿದರು. ಇಸ್ತ್ರಿಯವನಿಗೋ ಹುಟ್ಟಿದಾಗಿನಿಂದ ಯಾರಿಗೂ 'ಇಲ್ಲ' ಅಂದು ಗೊತ್ತಿಲ್ಲ. ಅಷ್ಟರಲ್ಲಿ ಮೇಷ್ಟ್ರದೇ ಅಂಗಿ ಸೀದ ವಾಸನೆ ಬಂತು. ಗಾಬರಿಯಲ್ಲಿ ಒಂದು ಕೈಯಿಂದ ಇಸ್ತ್ರಿ ಪೆಟ್ಟಿಗೆ ಎತ್ತಿ, ಇನ್ನೊಂದರಿಂದ ಸಹಿ ಗೀಚಿಬಿಟ್ಟ.

ವಿಷಯ ತಿಳಿದು ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ನನ್ನ ಹೆರಿಗೆಗೆ ಆ ಅಣ್ಣ ಬ್ರೆಡ್ ವ್ಯಾನಲ್ಲಿ ಆಸ್ಪತ್ರೆಗೆ ಸೇರಿಸಿದ್ರು. ಹನ್ನೊಂದು ವರ್ಷದಿಂದ ಮೈದಾ ಮೂಟೆಗಳ ಮಧ್ಯ ಕೂತು ಪ್ರಾರ್ಥನೆ ಮಾಡ್ತಿದ್ದಾರೆ. ಅವರಿಗೊಂದು ಸೂರು ಬೇಡ ಅನ್ನೋಕೆ ನೀವ್ಯಾರ್ರೀ?"

ತಕರಾರು ಅರ್ಜಿ ಆಗಲೇ ಪುರಸಭೆ ಸೇರಿತ್ತು. ಅವನು ಅಂಗಡಿ ಮುಚ್ಚಿ ಅಲ್ಲಿಗೆ ಓಡಿದ. ಕೆಳಗಿನ ಗುಮಾಸ್ತ ಮೇಲಕ್ಕೆ ಕಳಿಸಿದ, ಮೇಲಿನವ ಕೆಳಕ್ಕೆ. ಸಹಿ ಹಿಂದೆಗೆದುಕೊಳ್ಳಲು ಅರ್ಜಿ ಎರಡು ಪ್ರತಿಯಲ್ಲಿ ಬೇಕಂತೆ. ಕಾರ್ಬನ್ ತಲೆಕೆಳಗಾಗಿಟ್ಟು ಬರೆದ, ಮತ್ತೆ ಬರೆದ. ಬೆವರಿಳಿಸಿಕೊಂಡು ಅಧಿಕಾರಿಯ ಮುಂದೆ ನಿಂತಾಗ ಮಧ್ಯಾಹ್ನ ಮೂರು ದಾಟಿತ್ತು.

ಅಧಿಕಾರಿ ಅರ್ಜಿ ಓದಿ ಕನ್ನಡಕ ತೆಗೆದರು.

"ಬೇಕರಿಯವರು ಈಗಷ್ಟೇ ಬಂದು ಮಂದಿರದ ಅರ್ಜಿ ವಾಪಸ್ ತಗೊಂಡ್ರು. 'ಎಷ್ಟು ಜನ ಬೇಡ ಅಂದ್ರೂ ಕಾನೂನು ನಿಮ್ಮ ಕಡೆ ಇದೆ, ಕಟ್ಟಿ' ಅಂದೆ. ಅವರು ಮೊದಲನೇ ಹೆಸರು ತೋರಿಸಿ, 'ಉಳಿದೋರ ಮಾತು ಬಿಡಿ ಸಾರ್, ಇವನ ಮನಸ್ಸು ನೋಯಿಸಿ ನಾವು ಕಟ್ಟಲ್ಲ' ಅಂದ್ರು. ಜಾಗ ಮಾರೋರಿಗೂ ಇಲ್ಲಿಂದಲೇ ಫೋನ್ ಮಾಡಿ ಬೇಡ ಅಂದ್ರು."

ಬೀದಿಗೆ ಮರಳಿದಾಗ ಮೇಷ್ಟ್ರು ಅವನ ಕೈ ಹಿಡಿದು ಕುಲುಕಿದರು. ತಮ್ಮ ಮೂವತ್ತೊಂಬತ್ತು ಸಹಿಗಳಿಂದ ಆಗದ್ದನ್ನು ಅವನ ಒಂದೇ ಸಹಿ ಮಾಡಿತು ಎಂದರು. ಅದು ನಿಜ ಎಂಬುದೇ ಅವನನ್ನು ಚುಚ್ಚಿತು.

ಕೈ ಬಿಡಿಸಿಕೊಂಡು ಬೇಕರಿಗೆ ಹೋದ. ಸೀದ ಅಂಗಿಯಿಂದ ಹಿಡಿದು ಕಾರ್ಬನ್ ಕಾಗದದವರೆಗೆ ಎಲ್ಲವನ್ನೂ ತೊದಲುತ್ತ ಹೇಳಿದ. ನಮಗೆ ಮಂದಿರ ಬೇಕು ಅಣ್ಣ, ದಯವಿಟ್ಟು ಕಟ್ಟಿ ಎಂದು ಬೇಡಿಕೊಂಡ.

ಬೇಕರಿಯವ ಪೂರ್ತಿ ಕೇಳಿಸಿಕೊಂಡು ಅವನ ಭುಜ ತಟ್ಟಿದ.

"ಬಿಡು ತಮ್ಮಾ. ಎದುರಿಗೆ ನಿಂತೋರಿಗೆ ನೀನು ಯಾವತ್ತು ಬೇಡ ಅಂದಿದೀಯ? ನನ್ನ ಸಮಾಧಾನಕ್ಕೆ ಇಷ್ಟೊಂದು ಸುಳ್ಳು ಹೇಳ್ಬೇಡ."