ಬಾಜೂ ಮನೆಯ ಕೆಮ್ಮು

ಇದನ್ನು ಹೇಳಿಬಿಡಬೇಕೆಂದು ಪ್ರತಿ ಬೇಸಿಗೆಯಲ್ಲೂ ಅಂದುಕೊಳ್ಳುತ್ತೇನೆ. ಮಳೆ ಬಿದ್ದ ಮೇಲೆ ನೋಡೋಣ ಎಂದು ಮುಂದೆ ಹಾಕುತ್ತೇನೆ. ಹೀಗೆ ಎಷ್ಟೋ ಮಳೆಗಾಲ ಹೋದವು.

ಕೊರೊನಾ ಬಂದ ಹೊಸತು. ಮೂಡಲಗಿಯ ನಮ್ಮ ಓಣಿಯಲ್ಲಿ ನನ್ನಷ್ಟು ಮುನ್ನೆಚ್ಚರಿಕೆಯ ಮನುಷ್ಯ ಇನ್ನೊಬ್ಬನಿರಲಿಲ್ಲ. ಎಸ್ಸೆಸ್ಸೆಲ್ಸಿ ಪಾಸಾದವನು, ಟಿವಿ ಹೇಳಿದ್ದೆಲ್ಲ ತಿಳಿಯುತ್ತಿತ್ತು. ಮುಂದಿನ ಕೋಣೆಯ ಕಿಟಕಿ ಮುಚ್ಚಿ, ಸಂದಿಗೆ ಹಳೆ ಧೋತರ ತುರುಕಿ, ಮಾಸ್ಕಿನೊಳಗೆ ಕರ್ಪೂರದ ಗಂಟು ಇಟ್ಟುಕೊಂಡು ಕೂತೆ. ವೈರಾಣು ಬಿಡಿ, ಹೆಂಡತಿಯ ಒಗ್ಗರಣೆಯ ವಾಸನೆಯೂ ನನ್ನ ಮೂಗಿಗೆ ಬರುವಂತಿರಲಿಲ್ಲ!

ಒಂದು ಮುಂಜಾನೆ ಬಾಜೂ ಮನೆಯಿಂದ ಕೆಮ್ಮು ಕೇಳಿಸಿತು. ಸಣ್ಣ ಕೆಮ್ಮಲ್ಲ, ಉಸಿರು ಕಟ್ಟುವಂಥದ್ದು. ಆ ಮನೆಯಲ್ಲಿ ಇರುವುದು ಒಬ್ಬ ಹೆಂಗಸು, ಒಂದು ಎಮ್ಮೆ. ಹಾಲು ಮಾರಿ ಬದುಕುವಾಕೆ. ಕೊಲ್ಲಾಪುರದ ಮಗಳ ಮನೆಗೆ ಮುಂಜಾನೆ ಹೋಗಿ ಸಂಜೆಗೆ ಬಂದು ವಾರವೂ ಆಗಿರಲಿಲ್ಲ. ನಮ್ಮಿಬ್ಬರ ಮನೆಗೂ ಗೋಡೆ ಒಂದೇ!

ಸಾರ್ವಜನಿಕ ಹಿತದೃಷ್ಟಿಯಿಂದ, ಹೆಸರು ಹೇಳದೆ, ಸಹಾಯವಾಣಿಗೆ ಫೋನ್ ಹಚ್ಚಿದೆ.

ಮಧ್ಯಾಹ್ನ ಆಂಬುಲೆನ್ಸ್ ಬಂತು. ಮೈತುಂಬ ಬಿಳಿ ತೊಟ್ಟವರು ಇಳಿದರು. ಆಕೆ ಬಾಗಿಲ ಚೌಕಟ್ಟು ಹಿಡಿದು ಅಳುತ್ತಿದ್ದಳು. ಓಣಿಯ ಕಿಟಕಿಗಳೆಲ್ಲ ಪಟಪಟನೆ ಮುಚ್ಚಿದವು. ನಾನು ಮಾತ್ರ ಬೆರಳಷ್ಟು ತೆರೆದು ಇಣುಕಿದೆ. ಅಷ್ಟರಲ್ಲೇ ಆಕೆಯ ಕಣ್ಣಿಗೆ ಬಿದ್ದೆ!

"ಅಣ್ಣಾರ! ಎಮ್ಮಿ ಹಿಂಡಾವರ ಯಾರೂ ಇಲ್ರಿ! ನಿಮ್ಮ ಕಾಲ ಬೀಳ್ತೇನಿ, ನೀವರೆ ನೋಡ್ಕೊಳ್ರಿ!"

ಸಂಜೆ ಎಮ್ಮೆ ಒದರತೊಡಗಿತು.

"ಹೋಗಿ ಹಿಂಡ್ರಿ," ಎಂದಳು ಹೆಂಡತಿ.

"ನಾನಾ? ತವರಮನ್ಯಾಗ ಹಿಂಡಿದಾಕಿ ನೀ. ನೀನ ಹೋಗು."

"ನನ್ನ ಕೈಯಾಗ ಖಾರ ಐತಿ. ಈ ಕೈಲೆ ಕೆಚ್ಚಲಾ ಮುಟ್ಟಿದ್ರ ಎಮ್ಮಿ ನನ್ನ ಜೀವಂತ ಬಿಡಂಗಿಲ್ಲ."

"ಎಲ್ಲೀದು ಖಾರ?"

"ಅಯ್ಯ, ಮುಂಜಾನಿಂದ ಹಿತ್ತಲದಾಗ ವರ್ಷದ ಖಾರಕ್ಕ ಮೆಣಸಿನಕಾಯಿ ಹುರದೇನಲ್ಲ! ಘಾಟಿಗೆ ಪಾಪ ಆಕಿ ಕೆಮ್ಮಿ ಕೆಮ್ಮಿ ಸಾಕಾದ್ಲು. ಗಾಡಿಯವರಿಗೂ ಹೇಳಿದ್ನಿ, ಕೊಲ್ಲಾಪುರ ಅಂದಕೂಡ್ಲೆ ಅವರು ಕೇಳಲಿಲ್ಲ. ನಿಮಗ ಘಾಟ ಬಡೀಲಿಲ್ಲೇನ್ರಿ?"

ಬಡಿಯಲಿಲ್ಲ. ಕರ್ಪೂರ ಉತ್ತಮ ದರ್ಜೆಯದು!

ಮತ್ತೆ ಫೋನ್ ಮಾಡಿ ನಿಜ ಹೇಳಬಹುದಿತ್ತು. ಆದರೆ ಹೆಸರು ಕೇಳುತ್ತಾರೆ. ರೋಗದ ಭಯ ಹೋಗಿ ಈಗ ಹೆಂಡತಿಯ ಭಯ, ಓಣಿಯ ಭಯ. ಮಾಡಲಿಲ್ಲ.

ರೇನ್‌ಕೋಟು, ಹೆಲ್ಮೆಟ್ಟು ಹಾಕಿಕೊಂಡು ಎಮ್ಮೆಯ ಹತ್ತಿರ ಹೋದೆ. ಒದೆ ತಿಂದು ಬಂದೆ.

"ಆಕಿ ಸೀರಿ ಉಟ್ಕೊಂಡ ಹೋಗ್ರಿ. ವಾಸನಿ ಹಿಡದ ಸುಮ್ನ ನಿಲ್ಲತೈತಿ," ಎಂದಳು ಹೆಂಡತಿ.

ಕೆಮ್ಮು ಖಾರದ್ದೆಂದು ಗೊತ್ತಿದ್ದೂ ಹಗ್ಗದ ಮೇಲಿದ್ದ ಆ ಸೀರೆಯನ್ನು ಕೋಲಿನ ತುದಿಯಿಂದ ಎತ್ತಿ ಝಾಡಿಸಿದೆ. ಉಟ್ಟೆ. ತಲೆಯ ಮೇಲೆ ಸೆರಗು ಹೊದ್ದು, ಚರಿಗೆ ಹಿಡಿದು ಹೊರಟೆ. ಗಸ್ತಿನ ಪೊಲೀಸಪ್ಪ ಲಾಠಿ ಎತ್ತಿ, "ಯವ್ವಾ, ಒಳಗ ನಡೀ!" ಎಂದು ಗದರಿದ. ಮೀಸೆ ಮಾಸ್ಕಿನೊಳಗಿತ್ತು; ಮರ್ಯಾದೆ ಉಳಿಯಿತು!

ಆಕೆಯನ್ನು ಗೋಕಾಕದ ಒಂದು ಹಾಸ್ಟೆಲಿನಲ್ಲಿ ಎರಡು ವಾರ ಇಟ್ಟು, ಏನೂ ಇಲ್ಲವೆಂದು ಕಳಿಸಿದರು. ಆದರೂ ಓಣಿಯಲ್ಲಿ ಯಾರೂ ಆಕೆಯ ಹಾಲು ಕೊಳ್ಳಲಿಲ್ಲ. ಕಡೆಗೆ ಎಮ್ಮೆ ಮಾರಿದಳು. ಅದನ್ನು ಹೊಡೆದುಕೊಂಡು ಹೋದ ಮೇಲೆ ನಮ್ಮ ಕಟ್ಟೆಗೆ ಬಂದು ಕೂತಳು.

"ಅಣ್ಣಾರ, ನನ್ನ ಸೀರಿ ಉಟ್ಟ ಎಮ್ಮಿ ಹಿಂಡಿದ್ರಿ. ಒಡಹುಟ್ಟಿದಾಂವನೂ ಇಷ್ಟ ಮಾಡಂಗಿಲ್ಲ. ಆ ಫೋನ್ ಹಚ್ಚಿದಾಂವನ ಕೈ ಮರಗಟ್ಟಿ ಸೇದಿ ಹೋಗ್ಲಿ!"

"ಸೇದ್ಲಿ! ಎರಡೂ ಸೇದ್ಲಿ!" ಎಂದು ನಾನೂ ದನಿಗೂಡಿಸಿದೆ.

ಸೇದಲಿಲ್ಲ. ಅದೇ ಕೈಯಿಂದ ಇದನ್ನು ಬರೆದಿದ್ದೇನೆ. ಆಕೆಗೆ ಓದಲು ಬಾರದು. ನನಗೆ ಇಷ್ಟು ಧೈರ್ಯ ಬಂದದ್ದೇ ಅದರಿಂದ! ಈಗಲೂ ಬಾಜೂ ಮನೆಯಲ್ಲೇ ಇದ್ದಾಳೆ. ನಮ್ಮಲ್ಲಿ ಖಾರ ಹುರಿದಾಗ ಕೆಮ್ಮುತ್ತಾಳೆ. ನಾನು ಒಳಗೆ ಹೋಗಿ ಕಿಟಕಿ ಹಾಕಿಕೊಳ್ಳುತ್ತೇನೆ.

ಆಕೆಯ ಹೆಸರು ಬಾಳವ್ವ. ನನ್ನದನ್ನು ಈಗಲೂ ಹೇಳಿಲ್ಲ.