ಗೋಡೆಯಿಲ್ಲದ ಅಡುಗೆಮನೆಯಲ್ಲಿ ಒಂದು ಚಾಯ

ಇನ್ನೊಬ್ಬರ ಮನೆಯ ಗೋಡೆ ಕೆಡವಿಸುವುದಕ್ಕೆ ಸುತ್ತಿಗೆ ಬೇಡ, ಬಾಯಿ ಇದ್ದರೆ ಸಾಕು. ಬೆಳ್ಳಾರೆಯಲ್ಲಿ ಟೈಲ್ಸ್ ಅಂಗಡಿ ಇಟ್ಟುಕೊಂಡಿರುವ ನನಗೆ ಅದು ಧಾರಾಳವಾಗಿ ಉಂಟು. ಹೊಸ ಮನೆಯ ನಕ್ಷೆ ಹಿಡಿದು ಬಂದವರಿಗೆಲ್ಲ, "ಈಗ ಓಪನ್ ಕಿಚನ್ನಿನ ಕಾಲ ಮಾರಾಯ್ರೆ, ಹೆಂಗಸರು ಮಾತ್ರ ಕತ್ತಲೆಯಲ್ಲಿ ಯಾಕೆ ಬೇಯಬೇಕು?" ಎಂದು ಸಮಾನತೆಯನ್ನೂ ಟೈಲ್ಸನ್ನೂ ಒಂದೇ ಉಸಿರಿನಲ್ಲಿ ಮಾರುತ್ತಿದ್ದೆ. ಒಂದು ದಿನ ಗಿರಾಕಿಯೊಬ್ಬರು, "ನಿಮ್ಮ ಮನೆಯಲ್ಲಿ ಹೇಗುಂಟು?" ಎಂದು ಕೇಳಿಬಿಟ್ಟರು. ಮರುವಾರವೇ ನಮ್ಮ ಮನೆಯ ಗೋಡೆಯೂ ಬಿತ್ತು.

"ಗಂಡಸರು ಹಾಲ್‌ನಲ್ಲಿ ಕೂತು ನನ್ನ ಒಗ್ಗರಣೆ ನೋಡುದಾ? ನೆಂಟರು ಬಂದರೆ ನಾನು ಎಲ್ಲಿ ನಿಲ್ಲುದು?" ಎಂದಳು ಹೆಂಡತಿ ಜುಬೈದಾ. "ಬಂದಾಗ ನೋಡುವಾ" ಎಂದೆ. ಹಿಡಿಕೆಯೇ ಇಲ್ಲದ ಬಿಳಿ ಡ್ರಾಯರುಗಳು ಬಂದವು. ಹೊಗೆ ಎಳೆಯುವ ಚಿಮಣಿ ಬಂತು. ನಡುವೆ ಕಪ್ಪು ಗ್ರಾನೈಟಿನ ಒಂದು ಕಟ್ಟೆ ಎದ್ದಿತು, ಹೆಸರು ಐಲ್ಯಾಂಡ್. ಸುತ್ತ ನೀರಿಲ್ಲದ ಆ ದ್ವೀಪದ ಮೇಲೆ ಜುಬೈದಾ ಒಣಗಿದ ಬಟ್ಟೆ ಮಡಚತೊಡಗಿದಳು.

ಆಮೇಲೆ ನೆಂಟರು ಬಂದರು. ಸುಮ್ಮನೆ ಬಂದವರಲ್ಲ, ಮಗಳು ನಾಝಿಯಾಳನ್ನು ನೋಡಲು ಕಲ್ಲುಗುಂಡಿಯಿಂದ ಬಂದವರು. ಹುಡುಗ ಇರ್ಫಾನ್, ಅವನ ತಂದೆ, ಇಬ್ಬರು ಮಾವಂದಿರು ಹಾಲ್‌ನಲ್ಲಿ ಅಡುಗೆಮನೆಗೆ ಮುಖಮಾಡಿ ಕೂತರು. ಹುಡುಗನ ತಾಯಿಯೂ ಸೇರಿ ಹೆಂಗಸರೆಲ್ಲ ಒಳಕೋಣೆಗೆ ಹೋದರು. ತಿಂಡಿಯೆಲ್ಲ ಮೇಜಿನ ಮೇಲೆ ತಯಾರಿತ್ತು. ಕೋಣೆಯ ಬಾಗಿಲ ಹಿಂದಿನಿಂದ ಜುಬೈದಾಳ ದನಿ ಬಂತು: "ಇಷ್ಟು ಗಂಡಸರ ಎದುರು ನಾನು ಬರುದಿಲ್ಲ, ಚಾಯ ಮಾತ್ರ ನೀವೇ ಮಾಡಿ."

ನಾನು ಆ ಅಡುಗೆಮನೆಯನ್ನು ನೂರಾರು ಜನರಿಗೆ ವರ್ಣಿಸಿದ್ದೆ, ಒಮ್ಮೆಯೂ ಒಲೆ ಹಚ್ಚಿರಲಿಲ್ಲ. ಹಾಲು ಕುದಿಯಲು ಇಟ್ಟೆ, ಚಿಮಣಿಯ ಯಾವುದೋ ಗುಂಡಿ ಒತ್ತಿದೆ. ಅದು ವಿಮಾನದ ಹಾಗೆ ಮೊರೆಯಿತು. ಸಕ್ಕರೆ ಹುಡುಕುತ್ತ ಒಂದು ಡ್ರಾಯರ್ ಎಳೆದರೆ ಚಮಚಗಳು, ಇನ್ನೊಂದರಲ್ಲಿ ಈರುಳ್ಳಿ, ಮತ್ತೊಂದರಲ್ಲಿ ಕರೆಂಟ್ ಬಿಲ್ಲುಗಳು. ನಾಲ್ಕು ಜೊತೆ ಕಣ್ಣು ನನ್ನ ಬೆನ್ನ ಮೇಲೆ. ಅಷ್ಟರಲ್ಲಿ ಹುಡುಗನ ತಂದೆ ಏನೋ ಕೇಳಿದರು. ಮೊರೆತದ ನಡುವೆ 'ಎಂತ ಹಾಕಿದ್ದು?' ಎಂದು ಕೇಳಿಸಿತು.

"ಏಲಕ್ಕಿ, ಸ್ವಲ್ಪ ಶುಂಠಿ!" ಎಂದು ಕೂಗಿದೆ.

ಮಾವಂದಿರಿಬ್ಬರೂ ಮುಖ ಮುಖ ನೋಡಿಕೊಂಡರು. ಹುಡುಗನ ತಂದೆ ಕೇಳಿದ್ದು, "ಮಗಳು ಎಂತ ಓದಿದ್ದು?" ಎಂದು.

ಹಾಲು ಉಕ್ಕಿತು. ಸಂಬಂಧವೂ ಅದರ ಜೊತೆಗೇ ಒಲೆಯ ಮೇಲೆ ಚೆಲ್ಲಿಹೋಯಿತು ಅಂತ ನನ್ನ ಎದೆ ಹೇಳಿತು. ಆಗ ಇರ್ಫಾನ್ ಎದ್ದು ಬಂದ. ಮೊದಲು ಚಿಮಣಿ ನಿಲ್ಲಿಸಿದ. "ಮಾಮ, ನೀವು ಕೂತ್ಕೊಳ್ಳಿ. ಕುವೈತಿನಲ್ಲಿ ರೂಮಿನ ಆರು ಜನರಿಗೆ ನಾನೇ ಚಾಯ ಮಾಡುದು" ಎಂದು ತಗ್ಗಿದ ದನಿಯಲ್ಲಿ ಹೇಳಿ, ಎಳೆದ ಮೊದಲ ಡ್ರಾಯರಿನಲ್ಲೇ ಸಕ್ಕರೆ ಕಂಡುಹಿಡಿದ. ಎಲ್ಲರಿಗೂ ಚಾಯ ಕೊಟ್ಟ. ನಾನು ಹುಡುಗನ ತಂದೆಯ ಪಕ್ಕದಲ್ಲಿ ಕೂತು, "ಬಿ.ಎಡ್. ಓದಿದ್ದು" ಎಂದು ತಡವಾಗಿ ಉತ್ತರ ಕೊಟ್ಟೆ.

ಅವರು ಹೋದ ಮೇಲೆ ನಾಝಿಯಾಳನ್ನು ಕೇಳಿದೆವು. "ಬಾಗಿಲ ಸಂದಿಯಿಂದ ನೋಡಿದೆ. ಚಾಯ ಮಾಡಿದ್ದು ದೊಡ್ಡದಲ್ಲ, ಪಾತ್ರೆ ತೊಳೆದಿಟ್ಟ. ಆಗಬಹುದು" ಎಂದಳು. ನಾನು ಜುಬೈದಾಳ ಕಡೆ ನೋಡಲು ಧೈರ್ಯ ಮಾಡಲಿಲ್ಲ.

ಮದುವೆ ನಿಶ್ಚಯವಾಯಿತು. ಮೊನ್ನೆ ಇರ್ಫಾನನ ತಂದೆ ಒಬ್ಬರೇ ಅಂಗಡಿಗೆ ಬಂದು ಎದುರು ಕೂತರು. ಅವರ ಹೊಸ ಮನೆಯ ಕೆಲಸ ನಡೆಯುತ್ತಿತ್ತು. "ನಿಮ್ಮಲ್ಲಿಗೆ ಬಂದು ಹೋದಂದಿನಿಂದ ನನ್ನ ಹೆಂಡತಿಗೂ ಓಪನ್ ಕಿಚನ್ನೇ ಆಗಬೇಕಂತೆ. ನಿಜ ಹೇಳಿ, ಹಾಕಿಸಬಹುದಾ?" ಎಂದು ಸಣ್ಣ ದನಿಯಲ್ಲಿ ಕೇಳಿದರು. ಬೀಗರಿಗೆ ಸುಳ್ಳು ಹೇಳಬಾರದು. ಆದರೆ ಕಷ್ಟವನ್ನು ಒಬ್ಬನೇ ಅನುಭವಿಸುವಷ್ಟು ದೊಡ್ಡ ಮನುಷ್ಯ ನಾನಲ್ಲ.

"ಒಳ್ಳೆ ಗಾಳಿ ಬೆಳಕು ಉಂಟು, ಧೈರ್ಯವಾಗಿ ಹಾಕಿಸಿ" ಎಂದೆ. ಆಮೇಲೆ ಮನಸ್ಸು ತಡೆಯದೆ, ಬಿಲ್ಲಿನ ಹಿಂಬದಿಯಲ್ಲಿ ನಾಲ್ಕು ಜನರ ಚಾಯಕ್ಕೆ ಎಷ್ಟು ಪುಡಿ ಎಂದು ಬರೆದುಕೊಟ್ಟೆ.