ಹದ್ದಿಗೆ ಲ್ಯಾಮಿನೇಷನ್

"ನನ್ನ ಮ್ಯಾಲ ಬಿಡ್ರಿ" ಎಂದು ನಾನು ಹೇಳಿದೆ. ಎಲ್ಲರೂ ನಂಬಿದರು. ಈ ಕಥೆಯಲ್ಲಿ ಅವರ ತಪ್ಪು ಇಷ್ಟೇ, ಉಳಿದದ್ದೆಲ್ಲ ನನ್ನದು.

ಬೀದರಿನಲ್ಲಿ ಇಮ್ರಾನ್ ಭಾಯಿಯ ಮೊಬೈಲ್ ರಿಪೇರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಪ್ರತಿ ಭಾನುವಾರ ನಮ್ಮ ಆಟ. ಇಸ್ಪೀಟಲ್ಲ, ಗಾಬರಿಯಾಗಬೇಡಿ. ರಾಕ್ಷಸರು, ಮಂತ್ರವಾದಿಗಳ ಚಿತ್ರವಿರುವ ಕಾರ್ಡುಗಳು. ಒಬ್ಬೊಬ್ಬರೂ ಅರವತ್ತು ಕಾರ್ಡಿನ ಕಟ್ಟು ಮಾಡಿಕೊಂಡು ಕಾದಾಡಬೇಕು. ಹೆಚ್ಚಾದದ್ದನ್ನು ಅದಲುಬದಲು ಮಾಡಿಕೊಳ್ಳಬೇಕು. ಔರಾದಿನಿಂದ ಬಸ್ಸಿಗೆ ಬರುವ ಸವಿತಾ ಟೀಚರ್ ನಮ್ಮಲ್ಲಿ ಎಲ್ಲರಿಗಿಂತ ಚುರುಕು. ಸೋತವರಿಗೆ ಹೋಂವರ್ಕ್ ಕೊಟ್ಟೇ ಕಳಿಸುತ್ತಾರೆ. ಅವರ ದನಿಯನ್ನೂ ಇಮ್ರಾನ್ ಭಾಯಿಯ 'ಅರೇ ಮಿಯಾಂ' ಅನ್ನೂ ಅಣಕಿಸುವುದು ನನ್ನ ಕಲೆ. ಸೋಲುವುದು ನನ್ನ ಹವ್ಯಾಸ.

ನಾವು ಏಳು ಜನ. ಎಂಟು ಜನ ಸೇರಿ ಒಂದು ಪಂದ್ಯ ನಡೆಸಿದರೆ ಆಟದ ಕಂಪನಿ ಈ ಅಂಗಡಿಯನ್ನು ಅಧಿಕೃತ ಪಂದ್ಯಗಳಿಗೆ ಒಪ್ಪುತ್ತದೆ. ಇಲ್ಲದಿದ್ದರೆ ಪ್ರತಿ ಸಲವೂ ಹೈದರಾಬಾದೇ ಗತಿ. ಕೊನೆಗೆ ಎಂಟನೆಯವನು ಸಿಕ್ಕ, ಚಿಂತಾಕಿಯ ಧನರಾಜ. ಫೋನಿನಲ್ಲಿ ಆಡಿ ಕಲಿತವನು. ಕಾರ್ಡನ್ನು ಕೈಯಲ್ಲಿ ಹಿಡಿದೇ ಇಲ್ಲ. ಹಾಗಾಗಿ ಎಲ್ಲರೂ ತಮ್ಮ ಡಬ್ಬಿಗಳಿಂದ ಕಾರ್ಡು ತೆಗೆದು ಅವನಿಗೊಂದು ಕಟ್ಟು ಕೂಡಿಸಿದರು. ಟೀಚರ್ ತಮ್ಮ ಹೊಳೆಯುವ ಬೆಂಕಿಹದ್ದನ್ನೇ ಕೊಟ್ಟರು, ಮಗಳನ್ನು ಹಾಸ್ಟೆಲಿಗೆ ಬಿಡುವ ಮುಖ ಮಾಡಿ.

ಉಳಿದದ್ದು ಒಂದೇ ಕೆಲಸ. ಕಾರ್ಡು ಸವೆಯದಂತೆ ತೊಡಿಸುವ ತೆಳು ಪ್ಲಾಸ್ಟಿಕ್ ಕವರುಗಳನ್ನು ನಾನು ಆನ್‌ಲೈನಿನಲ್ಲಿ ತರಿಸಿ, ತೊಡಿಸಿ, ಭಾನುವಾರ ತರಬೇಕು. ಧನರಾಜನಿಗೂ ಫೋನ್ ಮಾಡಿ, "ಕಾರ್ಡಿನ ಚಿಂತಿ ನನ್ನ ಮ್ಯಾಲ ಬಿಡ್ರಿ" ಎಂದೆ.

ಶನಿವಾರ ಮಧ್ಯಾಹ್ನವಾದರೂ ಪಾರ್ಸೆಲ್ ಬರಲಿಲ್ಲ. ನಮ್ಮ ಭಾಲ್ಕಿಯಲ್ಲಿ ಅಂಥ ಕವರು ಕೇಳಿದರೆ ಲಗ್ನಪತ್ರಿಕೆಯ ಕವರು ತೋರಿಸಿದರು. ಆಗ ನನಗೆ ಜ್ಞಾನೋದಯವಾಯಿತು. ನಮ್ಮ ಮನೆಯಲ್ಲಿ ಬೆಲೆಬಾಳುವ ಕಾಗದಕ್ಕೆಲ್ಲ ಆಗುವ ಸಂಸ್ಕಾರ ಒಂದೇ. ಆಧಾರ್ ಕಾರ್ಡು, ರೇಷನ್ ಕಾರ್ಡು, ಅಣ್ಣ ಫೇಲಾದ ಮಾರ್ಕ್ಸ್ ಕಾರ್ಡು, ಎಲ್ಲಕ್ಕೂ ಲ್ಯಾಮಿನೇಷನ್!

ಝೆರಾಕ್ಸ್ ಅಂಗಡಿಯವನು ಅರವತ್ತನ್ನೂ ಮಾಡಬೇಕೇ ಎಂದು ಎರಡು ಸಲ ಕೇಳಿದ. ಹಿಂದೆ ಸರಿಯಲು ದೇವರು ಕೊಟ್ಟ ಅವಕಾಶ. ನಾನು ಎರಡು ಸಲವೂ ಹೌದೆಂದೆ.

ಮನೆಗೆ ಬಂದು ನೋಡಿದರೆ ಕಟ್ಟು ಇಟ್ಟಿಗೆಯಾಗಿತ್ತು. ಅದರ ಡಬ್ಬಿಯಲ್ಲಿ ಹಿಡಿಸಲಿಲ್ಲ. ಚಪಾತಿ ಡಬ್ಬಿಯಲ್ಲಿ ಹಿಡಿಸಿತು. ಕಲಸಲು ಹೋದೆ, ಅರ್ಧ ಕಟ್ಟು ಜಾರಿ ಮಂಚದ ಕೆಳಗೆ ಸೇರಿತು. ಬಾಗಿಲಲ್ಲಿ ನಿಂತಿದ್ದ ವೈನಿ, ಅಣ್ಣನ ಹೆಂಡತಿ, ಕೇಳಿದರು, "ಇದು ಆಡೂದೋ, ಹುಡುಕೂದೋ?"

ಬಿಸಿಗೆ ಅಂಟಿದ್ದು ಬಿಸಿಗೇ ಬಿಡಬೇಕಲ್ಲ? ವೈಜ್ಞಾನಿಕವಾಗಿ ಯೋಚಿಸಿ ಇಸ್ತ್ರಿಪೆಟ್ಟಿಗೆ ತಂದೆ. ಮೊದಲ ಪ್ರಯೋಗ ಬೆಂಕಿಹದ್ದಿನ ಮೇಲೆ. ಪ್ಲಾಸ್ಟಿಕ್ ಮುದುರಿತು, ಬಣ್ಣ ಎದ್ದಿತು, ರೆಕ್ಕೆ ಇಸ್ತ್ರಿಪೆಟ್ಟಿಗೆಗೆ ಅಂಟಿತು. ವೈನಿ ಹತ್ತಿರ ಬಂದು ನೋಡಿದರು. "ಹದ್ದು ಹೋಗಿ ಕೋಳಿ ಆತಲ್ಲೋ."

ಭಾನುವಾರ ಧನರಾಜ ನಸುಕಿನಲ್ಲೇ ಹೊರಟು, ಎರಡು ಬಸ್ಸು ಬದಲಿಸಿ, ಹೊಸ ಅಂಗಿ ತೊಟ್ಟು ಬಂದಿದ್ದ. ಎಲ್ಲರ ಎದುರು ನಾನು ಚಪಾತಿ ಡಬ್ಬಿ ತೆರೆದೆ. ಟೀಚರ್ ಎರಡು ಬೆರಳಲ್ಲಿ ಒಂದನ್ನು ಎತ್ತಿದರು.

"ಇದು ಯಾರದು?"

"ನಿಮ್ದೇ ರೀ, ಹದ್ದು."

"ಏನಾಗ್ಯದ ಇದಕ್ಕ?"

"ಇಸ್ತ್ರಿ ಆಗ್ಯದ್ರಿ."

ಕಲಸಲಾಗದ ಕಟ್ಟಿನಿಂದ ಪಂದ್ಯ ಆಡುವಂತಿಲ್ಲ. ಯಾರೂ ನಗಲಿಲ್ಲ. ಧನರಾಜ ನೆಲ ನೋಡುತ್ತಾ ಹೇಳಿದ, "ಇರ್ಲಿ ಬಿಡ್ರಿ. ನಾ ಸುಮ್ ಕುಂತು ನೋಡ್ತೇನಿ." ಆದರೆ ಕೈ ಆಗಲೇ ಚೀಲ ಹಿಡಿದಿತ್ತು. ಅವನು ಎದ್ದರೆ ನಾವು ಮತ್ತೆ ಏಳೇ.

ಇಮ್ರಾನ್ ಭಾಯಿ ತಮ್ಮ ಕಟ್ಟನ್ನು ಮೇಜಿನ ಮೇಲೆ ಬಿಚ್ಚಿದರು. "ಅರೇ ಮಿಯಾಂ, ನೋಡ್ಲಾಕ ಇಷ್ಟು ದೂರ ಯಾರ್ ಬರ್ತಾರ? ಕುಂದರ್ರಿ. ನಿಮಗ್ಯಾವುದು ಬೇಕು, ಆರಿಸ್ಕೋರಿ."

ಒಬ್ಬೊಬ್ಬರೂ ಬಿಚ್ಚಿದರು. ಈ ಸಲ ಹೆಚ್ಚಾದ ಕಾರ್ಡಲ್ಲ, ತಾವು ಆಡಬೇಕಿದ್ದ ಕಾರ್ಡುಗಳೇ, ಕವರಿನ ಸಮೇತ. ಆ ಜಾಗಕ್ಕೆ ಡಬ್ಬಿಯ ತಳದಲ್ಲಿದ್ದ ಬಡಪಾಯಿಗಳನ್ನು ತಾವಿಟ್ಟುಕೊಂಡರು. ನನ್ನನ್ನು ಯಾರೂ ಕೇಳಲಿಲ್ಲ. ನಾನೇ ನನ್ನ ಕಲ್ಲುದೈತ್ಯನನ್ನು ತೆಗೆದು ಮುಂದಿಟ್ಟೆ. ನಾನು ಜೀವಮಾನದಲ್ಲಿ ಗೆದ್ದ ಒಂದೇ ಆಟ ಅವನಿಂದ. ಅರ್ಧ ಗಂಟೆಯಲ್ಲಿ ಅರವತ್ತಾಯಿತು.

ಮೊದಲ ಸುತ್ತಿನಲ್ಲಿ ಧನರಾಜನಿಗೆ ಎದುರಾಳಿ ನಾನೇ. ಹತ್ತು ನಿಮಿಷದಲ್ಲಿ ಅದೇ ಕಲ್ಲುದೈತ್ಯ ಬಂದು ನನ್ನನ್ನು ತುಳಿದ. ಧನರಾಜ ಕಾರ್ಡು ಕೂಡಿಸುತ್ತಾ, ಥೇಟ್ ಫೋನಿನಲ್ಲಿ ಕೇಳಿದ್ದ ನನ್ನ ದನಿಯಲ್ಲಿ, ಎದೆ ತಟ್ಟಿಕೊಂಡು ಹೇಳಿದ, "ನನ್ನ ಮ್ಯಾಲ ಬಿಡ್ರಿ."

ನಗೆಗೆ ಕೋಣೆಯ ಸೂರೇ ಹಾರಿಹೋಗುವಂತಾಯಿತು. ಟೀಚರ್ ಕಣ್ಣು ಒರೆಸಿಕೊಂಡರು. ಆಟದಲ್ಲಿ ಸೋತದ್ದಕ್ಕೆ ಬೇಸರವಿಲ್ಲ; ಅಣಕಿಸುವುದರಲ್ಲೂ ಸೋತೆ!

ಎಂಟು ಹೆಸರು ಕಳಿಸಿದೆವು, ಕಂಪನಿಯ ಒಪ್ಪಿಗೆ ಬಂತು. ಈಗ ಹನ್ನೊಂದು ಜನ ಇದ್ದೇವೆ. ಹೊಸಬರಿಗೆ ಆಟ ಕಲಿಸುವುದು ಆ ಲ್ಯಾಮಿನೇಷನ್ ಕಾರ್ಡುಗಳಿಂದಲೇ. ಕೋಳಿಯಾದ ಹದ್ದನ್ನು ಟೀಚರ್ ಗೋಡೆಗೆ ಅಂಟಿಸಿ, ಮೊದಲ ಪಾಠ ಅದರಿಂದಲೇ ಶುರುಮಾಡುತ್ತಾರೆ: ಯಾರ ಕೈಗೆ ಕಾರ್ಡು ಕೊಡಬಾರದು.

ನನ್ನ ಮೇಲೆ ಬಿಟ್ಟಿರುವುದು ಚಹಾ ತರುವುದೊಂದೇ. ಹೋದ ವಾರ ಅದನ್ನೂ ಕಾರ್ಡುಗಳ ಮೇಲೆ ಚೆಲ್ಲಿದೆ.

ಏನೂ ಆಗಲಿಲ್ಲ. ಲ್ಯಾಮಿನೇಷನ್ ಆಗಿತ್ತಲ್ಲ!